ಏಕಾದಶಿಯ ನೆಪ

ಕಾಲುಂಗುರ ಬಿಗಿಯಾಯಿತು. ನನ್ನ ಕಾಯಿಲೆ ಮೊದಲು ತೋರಿಸಿಕೊಂಡದ್ದು ಅಲ್ಲಿಯೇ. ಗಲಗಲಿಯ ಶಾಲೆಯಲ್ಲಿ ಮೂವತ್ತು ವರ್ಷ ನಿಂತು ಕಲಿಸಿದ ಕಾಲು, ನಿವೃತ್ತಿಯಾದ ಮೇಲೆ ಬಾತರೆ ಏನು ಮಹಾ ಎಂದುಕೊಂಡೆ. ಮುಖವೂ ಬಾತಿತು. ನಮ್ಮನೆಯವರು ಹಟ ಹಿಡಿದು ಜಮಖಂಡಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಎರಡೂ ಕಿಡ್ನಿ ಹೋಗಿದ್ದವು.

"ವಾರಕ್ಕ ಮೂರು ಸಲ ಡಯಾಲಿಸಿಸ್ ಆಗಬೇಕ್ರಿ. ನೀರು, ಚಹಾ, ಸಾರು ಎಲ್ಲಾ ಸೇರಿ ದಿನಕ್ಕ ಒಂದ ಲೀಟರ್," ಎಂದರು ಡಾಕ್ಟರು.

ಕೃಷ್ಣೆಯ ದಂಡೆಯಲ್ಲಿ ಬಾಳುವೆ ಮಾಡಿದವಳಿಗೆ ಒಂದು ಲೀಟರ್! ಆದರೆ ನಾನು ಅದಕ್ಕೆ ಅಂಜಲಿಲ್ಲ. ಮದುವೆಯಾದಾಗಿನಿಂದ ಏಕಾದಶಿಗೆ ಹನಿ ನೀರು ಮುಟ್ಟದೆ ಉಪವಾಸ ಮಾಡಿದವಳು ನಾನು. ಬಾಯಾರಿಕೆ ನನಗೆ ಹಳೆಯ ಪರಿಚಯ. ಅಂಜಿದ್ದು ರಕ್ತಕ್ಕೆ. ಕುತ್ತಿಗೆಗೆ ಹಾಕಿದ ಟ್ಯೂಬಿನಿಂದ ನನ್ನ ರಕ್ತ ನನ್ನ ಕಣ್ಣೆದುರಿಗೇ ಹೊರಗೆ ಹೋಗಿ, ಮಷಿನ್ ಸುತ್ತಿ ಬರುವುದನ್ನು ನೋಡಿದೆ. ಕರೆಂಟ್ ಹೋದರೆ? ಹೋದದ್ದು ವಾಪಸು ಬರದಿದ್ದರೆ? ಕಣ್ಣು ಮುಚ್ಚಿಕೊಂಡರೂ ಪಂಪಿನ ಗಾಲಿ ತಿರುಗುವ ಸಪ್ಪಳ ಬಿಡಲಿಲ್ಲ. ನಾಲ್ಕು ತಾಸು ಬೆವರಿದೆ.

ಯಾರಿಗೂ ಹೇಳಲಿಲ್ಲ. ಮಕ್ಕಳಿಗೆ "ಅಂಜಬ್ಯಾಡ್ರಿ" ಎನ್ನುತ್ತಲೇ ಸರ್ವಿಸ್ ಮುಗಿಸಿದವಳು ಹೇಗೆ ಹೇಳಲಿ?

ಮೂರನೆಯ ವಾರ ಡಯಾಲಿಸಿಸ್ ದಿನವೇ ಏಕಾದಶಿ ಬಂತು.

"ಏಕಾದಶಿ ದಿನ ಮೈಯಾಗಿನ ರಕ್ತ ಹೊರಗ ತಗಸಬಾರದ್ರಿ. ಇವತ್ತ ನಾ ಬರಂಗಿಲ್ಲ," ಎಂದೆ.

"ಯಾವ ಶಾಸ್ತ್ರದಾಗ ಅದ ಇದು?" ಎಂದರು ನಮ್ಮನೆಯವರು. ಮನೆಯ ಪೂಜೆ, ಪಂಚಾಂಗ ಎಲ್ಲ ಅವರದೇ.

"ನಮ್ಮಜ್ಜಿ ಹೇಳತಿದ್ಲು."

ಅಜ್ಜಿ ಹಾಗೆ ಎಂದೂ ಹೇಳಿರಲಿಲ್ಲ.

ಅಂದು ದೇವರ ಮುಂದೆ ಕೂತು ನೆಮ್ಮದಿಯಾಗಿ ಜಪ ಮಾಡಿದೆ. ಮರುದಿನ ದ್ವಾದಶಿ. ಪದ್ಧತಿಯಂತೆ ಬೆಳಗಾಗುವಷ್ಟರಲ್ಲಿ ಉಪವಾಸ ಬಿಡುವ ಪಾರಣೆಯ ಅಡುಗೆ: ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಹೆಸರುಬೇಳೆ. ಪೊಟ್ಯಾಶಿಯಂ ಏರುತ್ತದೆ, ಇಂಥ ಸೊಪ್ಪು, ಕಾಯಿ ತಿನ್ನಬೇಡಿ ಎಂದು ಆಸ್ಪತ್ರೆಯವರು ಬರೆದುಕೊಟ್ಟ ಚೀಟಿ ಅಡುಗೆಮನೆಯ ಗೋಡೆಯ ಮೇಲೇ ಇತ್ತು. ದೇವರಿಗೆ ನೈವೇದ್ಯ ಮಾಡಿದ್ದು ನನಗೇನು ಮಾಡೀತು ಎಂದು ಎರಡೆರಡು ಸಲ ಹಾಕಿಸಿಕೊಂಡೆ.

ಮಧ್ಯಾಹ್ನ ಏಳಲು ಹೋದರೆ ಕಾಲು ಏಳಲಿಲ್ಲ.

ಕಾರಿನಲ್ಲಿ ಮಲಗಿಸಿಕೊಂಡು ಜಮಖಂಡಿಗೆ ಒಯ್ದರು. "ಪೊಟ್ಯಾಶಿಯಂ ಭಾಳ ಏರೇದ್ರಿ. ಇನ್ನೊಂದ ತಾಸು ತಡಾ ಮಾಡಿದ್ರ ಹೃದಯ ನಿಂತ ಬಿಡತಿತ್ತು," ಎಂದು ಡಾಕ್ಟರು ನಮ್ಮನೆಯವರಿಗೆ ಹೇಳಿದ್ದು ನನಗೂ ಕೇಳಿಸಿತು. ಸರಸರ ಇಂಜೆಕ್ಷನ್. ಮತ್ತೆ ಅದೇ ಮಷಿನ್.

ಟ್ಯೂಬು ಜೋಡಿಸಿದವಳು ಟೆಕ್ನಿಶಿಯನ್ ಸವಿತಾ. ಎರಡನೇ ಇಯತ್ತೆಯಲ್ಲಿ ನನ್ನ ಕೈಯಲ್ಲೇ ಕಲಿತ ಹುಡುಗಿ.

"ಅಕ್ಕೋರ, ನಿನ್ನಿ ಯಾಕ ತಪ್ಪಿಸಿದ್ರಿ?"

"ಏಕಾದಶಿ ಇತ್ತವಾ."

"ಮಗ್ಗಿ ಬರಲಾರದಾಗ ನಾ ಹೊಟ್ಟಿ ನೂಸ್ತೈತಿ ಅಂತ ಸಾಲಿ ತಪ್ಪಸ್ತಿದ್ನಿ. ನೀವು ಮನಿತನಕ ಬಂದು ಕೈ ಹಿಡದು ಕರಕೊಂಡ ಹೋಗತಿದ್ರಿ. ಇದೂ ಹಂತಾದ್ದ ಹೌದಲ್ರಿ?"

ಎಲಾ ಇವಳ! ನಾನು ಕಲಿಸಿದ್ದನ್ನು ನನಗೇ ತಿರುಗಿಸಿದಳು. ನಗಬೇಕೆಂದೆ, ಅಳು ಬಂತು. ನಲವತ್ತು ವರ್ಷ ನಂಬಿದ ದೇವರನ್ನು ಹೊಟ್ಟೆನೋವಿನಂಥ ನೆಪ ಮಾಡಿಬಿಟ್ಟಿದ್ದೆ. ಅಂಜಿದವಳು ನಾನು, ಹೆಸರು ಹೇಳಿದ್ದು ಅವನದು. ಸಾಯುತ್ತಿದ್ದೆ ಎಂಬುದಕ್ಕಿಂತ ಇದಕ್ಕೇ ಹೆಚ್ಚು ನಾಚಿಕೆಯಾಯಿತು.

"ಕಣ್ಣ ತಗೀರಿ ಅಕ್ಕೋರ. ಒಮ್ಮೆ ಛಲೋತ್ನಂಗ ನೋಡ್ರಿ."

ತೆಗೆದೆ. ಗಾಲಿ ತಿರುಗುತ್ತಿತ್ತು. ಒಂದು ಸುತ್ತಿಗೆ ಒಂದು "ಕೃಷ್ಣಾ" ಎಂದೆ. ಇನ್ನೊಂದು ಸುತ್ತು, ಇನ್ನೊಂದು ಕೃಷ್ಣಾ. ನೂರೆಂಟಾಯಿತು, ಮತ್ತೆ ಒಂದರಿಂದ ಹಿಡಿದೆ. ಮನೆಯಲ್ಲಿ ಜಪಕ್ಕೆ ಕೂತರೆ ಹಾಲು ಉಕ್ಕಿತೇನೋ ಎಂದು ಮನಸ್ಸು ಒಲೆಯ ಕಡೆ ಓಡುತ್ತಿತ್ತು. ಇಲ್ಲಿ ಓಡಲಿಕ್ಕೆ ಜಾಗವೇ ಇಲ್ಲ. ನೀನು ಕೊಟ್ಟ ರಕ್ತ, ಹೊರಗೆ ಹೋದಾಗಲೂ ನೀನೇ ನೋಡಿಕೋ ಎಂದೆ. ಅಂಜಿಕೆ ಯಾವಾಗ ಇಳಿಯಿತೋ ತಿಳಿಯಲಿಲ್ಲ.

ಈಗ ಎಂಟು ತಿಂಗಳಾಯಿತು. ಕುತ್ತಿಗೆಯ ಟ್ಯೂಬು ಹೋಗಿ, ಸೂಜಿ ಚುಚ್ಚಲು ಕೈಯ ರಕ್ತನಾಳ ಜೋಡಿಸಿದ ಫಿಸ್ಟುಲಾ ಆಗಿದೆ. ಕಿಡ್ನಿ ವಾಪಸು ಬರುವುದಿಲ್ಲ. ಅದನ್ನು ದೇವರಲ್ಲಿ ಬೇಡುವುದನ್ನೂ ಬಿಟ್ಟಿದ್ದೇನೆ. ದಪ್ಪ ಸೂಜಿ ಕಂಡಾಗ ಇಂದಿಗೂ ಒಮ್ಮೆ ಅಂಜಿಕೆ ಬರುತ್ತದೆ. ಬರಲಿ. ಒಂದು ಪಾಳಿಯನ್ನೂ ನಾನು ತಪ್ಪಿಸಿಲ್ಲ.

ಮೊನ್ನೆ ಮತ್ತೆ ಡಯಾಲಿಸಿಸ್ ದಿನವೇ ಏಕಾದಶಿ. "ನನ್ನ ಪಾಲಿನ ಉಪವಾಸಾನೂ ನೀವ ಮಾಡ್ರಿ, ನಿಮ್ಮ ಪಾಲಿನ ಅವಲಕ್ಕಿ ನಾ ತಿಂತೀನಿ," ಎಂದು ನಮ್ಮನೆಯವರಿಗೆ ಹೇಳಿ, ಡಾಕ್ಟರು ಹೇಳಿದಷ್ಟು ತಿಂದು ಬಸ್ಸು ಹತ್ತಿದೆ.

ಮರುದಿನ ನನ್ನ ಎಲೆಯಲ್ಲಿ ಅಗಸೆ ಸೊಪ್ಪು ಇರಲಿಲ್ಲ. ಪೂಜೆ ಮುಗಿಸಿ ನಮ್ಮನೆಯವರು ತೀರ್ಥ ತಂದರು. ಕೊಡುವ ಮೊದಲು, ನನ್ನ ದಿನದ ನೀರು ಅಳೆದಿಟ್ಟ ಒಂದು ಲೀಟರಿನ ಬಾಟಲಿಯ ಮುಚ್ಚಳ ತೆಗೆದು, ತೀರ್ಥದ ಲೆಕ್ಕಕ್ಕೆ ಅದರಿಂದ ಒಂದೇ ಒಂದು ಚಮಚ ನೀರನ್ನು ತುಳಸಿಗೆ ಹಾಕಿ ಬಂದರು.

"ಹೂಂ, ಈಗ ಕೈ ಹಿಡಿ," ಎಂದರು.