ಕರಿಬೇವು ಒಲ್ಲೆ ಅಂದ ಚಿಟ್ಟೆ

ಕರಿಬೇವಿನ ವಿಷಯದಲ್ಲಿ ನಾನು ಮಹಾ ಜಿಪುಣಿ. ಪರ್ತ್‌ನಲ್ಲಿ, ಈ ಕ್ಯಾನಿಂಗ್ ವೇಲ್‌ನ ಮರಳಲ್ಲಿ ಆಳೆತ್ತರ ಬೆಳೆಸಿದೀನಿ ಕಣ್ರೀ, ಸುಮ್ನೆ ಅಲ್ಲ! ಬಂದವರಿಗೆ ಊಟ ಹಾಕ್ತೀನಿ, ಒಂದು ಎಸಳು ಕೊಡು ಅಂದ್ರೆ ಮಾತ್ರ ಕಿವುಡಿ ಆಗ್ಬಿಡ್ತೀನಿ. ಅಂಥ ಗಿಡನ ಮೊನ್ನೆ ಹುಳಗಳಿಗೆ ಬಿಟ್ಟುಕೊಟ್ಟೆ. ಅವು ಬೇಡ ಅಂದ್ವು. ಅವಮಾನ ಅಂದ್ರೆ ಇದು.

ಆಗಿದ್ದಿಷ್ಟು. ಪಕ್ಕದ್ಮನೆ ಬೆವ್ ಆಂಟಿ ಅಡಿಲೇಡ್‌ಗೆ ಮಗಳ ಮನೆಗೆ ಹೊರಟ್ರು. ಅವರ ಅಂಗಳದಲ್ಲಿ ನೇರಳೆ ಹೂವಿನ, ಬಟಾಣಿ ಕುಲದ ಒಂದು ಒರಟು ಗಿಡ, ಅದರ ತುಂಬ ಹುಳ. "ಮೈ ಬೇಬೀಸ್, ಲವ್. ನೋಡ್ಕೋ" ಅಂದು ಹೋದ್ರು. ನಮ್ಮನೆಯವರು ಸತೀಶ್, ಮೈಸೂರಿನ ಶಿಸ್ತಿನ ಮನುಷ್ಯ. ಶನಿವಾರ ನಮ್ಮ ಲಾನ್ ಜೊತೆ ಉಪಕಾರ ಅಂತ ಅವರದ್ದನ್ನೂ, ಆ ಗಿಡದ ಸಮೇತ, ಬೋಳಿಸಿಬಿಟ್ರು.

"ಕಳೆ ಥರ ಇತ್ತಲ್ಲೇ!"

"ಕಳೆ ಅಲ್ರೀ, ಆಂಟಿ ಮಕ್ಕಳ ಅನ್ನ ಅದು!"

ಉಳಿದ ಹುಳಗಳನ್ನ ಎತ್ಕೊಂಡೆ. ಒಂದನ್ನ ಮುಟ್ಟಿದ್ರೆ ತಲೆ ಮೇಲೆ ಕಿತ್ತಳೆ ಬಣ್ಣದ ಕೊಂಬು ಚಾಚ್ತು. ಅರೆ, ಅಮ್ಮನ ಕರಿಬೇವು ಮೇಯ್ತಿದ್ದ ಕಳ್ಳ ಇದೇ ಅಲ್ವಾ! ನಮ್ಮ ನಿಂಬೆ ಚಿಟ್ಟೆ! ಎದೆ ಕಲ್ಲು ಮಾಡ್ಕೊಂಡು ನನ್ನ ಗಿಡದ ಎಳೇ ಚಿಗುರಿನ ಮೇಲೆ ಕೂರಿಸ್ದೆ. ಸಂಜೆವರೆಗೂ ಒಂದೂ ಬಾಯಿ ಹಾಕ್ಲಿಲ್ಲ. ಇಳಿದು, ಸೊರಗಿ, ಮಣ್ಣಲ್ಲಿ ಸುತ್ತಾಡ್ತಿದ್ವು.

ಬ್ರಿಸ್ಬೇನ್‌ನಿಂದ ತಂಗಿ ವಿಡಿಯೋ ಕಾಲಲ್ಲಿ ನೋಡಿ, "ಒಗ್ಗರಣೆ ಹಾಕಿ ಬಡಿಸೇ ಅಕ್ಕ" ಅಂದ್ಲು. ನನಗೆ ಅಳು. ಬದುಕಿದ್ದ ಜೀವ, ಆಂಟಿಗೆ ಏನ್ ಹೇಳ್ಲಿ?

ಆಗ ನನ್ನ ಮಗಳು ಅನಘ ಫೋನಿಂದ ತಲೆ ಎತ್ತಿದ್ಲು. ಇಲ್ಲೇ ಹುಟ್ಟಿದೋಳು, ಕನ್ನಡದಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ. "ಮಮ್, ಡಿಫರೆಂಟ್ ಸಬ್‌ಸ್ಪೀಶೀಸ್. ದಿಸ್ ಒನ್ಸ್ ಅ ಡೆಸರ್ಟ್ ಗರ್ಲ್."

ಕುಲ ಒಂದೇ ಅಂತೆ, ಇದು ಆಸ್ಟ್ರೇಲಿಯಾದ ಕವಲಂತೆ. ಒಳನಾಡಿನ ಕೆಂಪು ಮರಳುಗಾಡಲ್ಲಿ ನಿಂಬೆ ಎಲ್ಲಿ, ಕರಿಬೇವು ಎಲ್ಲಿ? ಅಲ್ಲಿ ಮಳೆ ಬಿದ್ರೆ ಏಳೋ ಈ ಬಟಾಣಿ ಕುಲದ ಗಿಡಗಳೇ ಅದಕ್ಕೆ ಅನ್ನ. ಅದನ್ನೇ ತಿಂದು, ರೆಕ್ಕೆ ಬಲಿತು, ನಮ್ಮಂಥ ಊರುಗಳವರೆಗೂ ಹಾರಿ ಬರುತ್ತೆ. ನಾನು ಬಾಯಿ ಬಿಟ್ಕೊಂಡು ಕೇಳ್ತಿದ್ದಾಗ್ಲೇ ಹುಡುಗಿ ಹೊರಗೆ ಓಡಿ, ತೋಟದ ಕಸ ಹಾಕೋ ಗ್ರೀನ್ ಬಿನ್ನಿಗೆ ತಲೆಕೆಳಗಾಗಿ ಇಳಿದ್ಲು. ಕತ್ತರಿಸಿದ ಕಡ್ಡಿಗಳನ್ನ ಹೆಕ್ಕಿ, ಉಪ್ಪಿನಕಾಯಿ ಬಾಟ್ಲಿಗೆ ನೀರು ತುಂಬಿ ನಿಲ್ಲಿಸಿದ್ಲು. ಹುಳಗಳು ಹಬ್ಬದೂಟಕ್ಕೆ ಕೂತವರ ಥರ ಕೂತ್ವು ನೋಡಿ!

ಬೆವ್ ಆಂಟಿ ಬರೋ ಹೊತ್ತಿಗೆ ಗಿಡದ ಬುಡ ಚಿಗುರಿತ್ತು, ಹುಳಗಳು ಗೂಡು ಕಟ್ಟಿದ್ವು. "ಯೂ ಡ್ರಾಂಗೋ, ಸತೀಶ್!" ಅಂತ, ಅಂದ್ರೆ ಶುದ್ಧ ಪೆದ್ದ ಅಂತ, ಇವರಿಗೆ ಪೂಜೆ ಆಯ್ತು. ಮಾರನೇ ವಾರ ಮೊದಲನೇ ಚಿಟ್ಟೆ ಈಚೆ ಬಂತು. ಕಪ್ಪು ರೆಕ್ಕೆ ಮೇಲೆ ಕೆನೆಬಣ್ಣದ ಚುಕ್ಕಿ, ಹಿಂದಿನ ರೆಕ್ಕೆ ಅಂಚಲ್ಲಿ ಕುಂಕುಮ ಇಟ್ಟ ಹಾಗೆ. ಥೇಟ್ ನಮ್ಮ ಕಡೇದೇ! ಅನಘನ ಬೆರಳ ಮೇಲೆ ರೆಕ್ಕೆ ಒಣಗಿಸ್ಕೊಂಡು ಹಾರಿ ಹೋಯ್ತು. "ದಟ್ ಗರ್ಲ್ ಸೇವ್ಡ್ ದೆಮ್" ಅಂತ ಆಂಟಿ ಬೀದಿಗೆಲ್ಲ ಸಾರಿದ್ರು. ನಾನೂ ಬಿಡ್ಲಿಲ್ಲ, ಮೂರು ವಾಟ್ಸ್ಯಾಪ್ ಗ್ರೂಪಲ್ಲಿ ಹಾಕ್ದೆ. ಹೆತ್ತಿದೀನಿ, ಹಾಕ್ಬಾರ್ದಾ?

ಅವತ್ತು ರಾತ್ರಿ ಚಿತ್ರಾನ್ನ. ಅನಘ ಎಂದಿನಂತೆ ಕರಿಬೇವು ಆರಿಸಿ ಆರಿಸಿ ತಟ್ಟೆ ಅಂಚಿಗೆ ಸಾಲಾಗಿ ಇಟ್ಲು. ಇಷ್ಟು ವರ್ಷ "ತಿನ್ನೇ, ನಮ್ಮೂರ ರುಚಿ" ಅಂತ ಬೈದಿದೀನಿ. ಅವತ್ತೂ ಬಾಯಿ ತೆಗೆದೆ. ಆದ್ರೆ ಬೈಲಿಲ್ಲ, ಆ ಎಲೆಗಳನ್ನ ನಾನೇ ಎತ್ತಿ ಬಾಯಿಗೆ ಹಾಕ್ಕೊಂಡೆ.

ಜಿಪುಣಿ ಅಲ್ವಾ, ಬಿಸಾಕೋಕೆ ಆಗುತ್ತಾ?