ಬೆಳಗಿನ ಎರಡನೇ ಗೇರು

ಮಹಾಲಿಂಗಪ್ಪ ಸತ್ತ ನಲವತ್ತನೇ ದಿನಕ್ಕೆ ಅವನ ಕಾರಿನ ಗೇರು ಬಿಗಿಯಾಯಿತು. ಎರಡನ್ನೂ ಮನೆಯವರು ಅವನ ಹೆಂಡತಿ ಕಾಂಚನಾಳ ತಲೆಗೆ ಕಟ್ಟಿದರು.

ಕಾರು ಹಳೆಯದು. ಹಿಂದಿನ ಸೀಟು ಕಿತ್ತು ಹಾಕಿ, ಅಲ್ಲಿ ಸೀರೆಯ ಗಂಟು ಒಟ್ಟಿಕೊಂಡು ಗಂಡ ಹೆಂಡತಿ ಮುಧೋಳ, ಬೀಳಗಿ, ಜಮಖಂಡಿಯ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದರು. ಬನಹಟ್ಟಿಯ ಆ ಮನೆಯಲ್ಲಿ ಆರು ಪವರ್‌ಲೂಮು. ಮಗ್ಗ ನೋಡಿಕೊಳ್ಳುವವನು ಮೈದುನ ಪ್ರಭುಲಿಂಗ, ಮಾಲು ಮಾರುವವನು ಮಹಾಲಿಂಗಪ್ಪ. ಕಾಂಚನಾ ನಾಲ್ಕನೇ ಇಯತ್ತೆ ಕಲಿತವಳು. ಮದುವೆಯಾಗಿ ಬಂದ ಮೇಲೆ ಹದಿನಾರು ವರ್ಷ ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತಿದಳು. ಗಂಡನಿಗೆ ಸಂಜೆ ಹೊತ್ತು ಕಣ್ಣು ಮಂಜಾಗತೊಡಗಿದಾಗ ಅವನೇ ಅವಳನ್ನು ತೇರದಾಳ ರಸ್ತೆಗೆ ಕರೆದುಕೊಂಡು ಹೋಗಿ, ತನ್ನ ಕೈಯನ್ನು ಅವಳ ಕೈಯ ಮೇಲಿಟ್ಟು ಗೇರು ಹಾಕುವುದನ್ನು ಕಲಿಸಿದ. ಲೈಸೆನ್ಸೂ ಮಾಡಿಸಿದ. ಐದು ವರ್ಷದಿಂದ ಓಡಿಸುವವಳು ಅವಳೇ. ಆದರೂ ಮನೆಯವರ ಬಾಯಲ್ಲಿ ಅದು ಅಣ್ಣನ ಗಾಡಿ.

ದೀಪಾವಳಿಯ ಮರುದಿನ ಎದೆ ನೋವೆಂದು ಕಟ್ಟೆಯ ಮೇಲೆ ಕೂತವನು ಏಳಲಿಲ್ಲ. ಐವತ್ತು ತುಂಬಿರಲಿಲ್ಲ. ಹನ್ನೊಂದು ದಿನ ಕಾಂಚನಾ ಮೂಲೆ ಹಿಡಿದಳು. ಹನ್ನೆರಡನೇ ದಿನ ಬೀಳಗಿಯ ಅಂಗಡಿಯವನು ಮಾಲು ಕೇಳಿದ. ಎದ್ದು ಹೋಗಿ ಕೊಟ್ಟು ಬಂದಳು. ಅತ್ತೆ ಅನಸವ್ವ ಅವತ್ತಿನಿಂದ ಅವಳ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ಮಾತಾಡಬೇಕಾದರೆ ಗೋಡೆಗೆ ಹೇಳುತ್ತಿದ್ದಳು.

ಛಟ್ಟಿ ಅಮಾವಾಸ್ಯೆ ಕಳೆದು ಚಳಿ ಬಿತ್ತು. ಒಂದು ಮುಂಜಾನೆ ಮುಧೋಳಕ್ಕೆ ಹೊರಟಾಗ ಒಂದನೇ ಗೇರು ಹೇಗೋ ಬಿತ್ತು. ಎರಡನೆಯದು ಬೀಳಲೊಲ್ಲದು. ತುಕ್ಕು ಹಿಡಿದ ಅಗುಳಿ ಸರಿಸಿದ ಹಾಗೆ ಅರ್ಧಕ್ಕೆ ತಡೆಯಿತು, ಒತ್ತಿದರೆ ಕಟ್ ಎಂದಿತು, ಇನ್ನೂ ಒತ್ತಿದರೆ ಗರ್ ಎಂದಿತು. ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ಪ್ರಭುಲಿಂಗ ನೋಡಿದ. ಅಣ್ಣ ಇರುವ ತನಕ ಅತ್ತಿಗೆಯನ್ನು ‘ವೈನಿ, ಬರ್ರಿ’ ಎನ್ನುತ್ತಿದ್ದವನು ಹನ್ನೆರಡನೇ ದಿನದಿಂದ ‘ನೀ’ಗೆ ಇಳಿದಿದ್ದ.

“ಅಣ್ಣನ ಕೈಯಾಗ ಬೆಣ್ಣಿ ಇದ್ದಂಗ ಇತ್ತು,” ಎಂದ. “ಈಗ ನೋಡು, ಹಲ್ಲು ಕಡ್ಯಾಕತ್ತೇತಿ. ಅದಕ್ಕೂ ಗೊತ್ತಾಗೇತಿ ಯಾರ ಕೈ ಅಂತ.”

ಒಳಗಿನಿಂದ ಅನಸವ್ವ ಗೋಡೆಗೆ ಹೇಳಿದಳು. “ಗಂಡನ್ನ ತಿಂದಾಕಿ, ಗಾಡಿ ಬಿಡ್ತಾಳೇನ?”

ಕಾಂಚನಾ ಒಂದನೇ ಗೇರಿನಲ್ಲೇ ಓಣಿ ದಾಟಿದಳು. ಇನ್ನಷ್ಟು ದೂರ ಹೋದ ಮೇಲೆ ಗೇರು ತಾನಾಗಿ ಸಡಿಲಾಯಿತು. ಮಧ್ಯಾಹ್ನ ಏನೂ ಇಲ್ಲ. ಮರುದಿನ ಮುಂಜಾನೆ ಮತ್ತೆ ಅದೇ.

ಊರಿನ ಒಬ್ಬ ಮೆಕ್ಯಾನಿಕ್ ಕ್ಲಚ್ ಪ್ಲೇಟು ಹೋಗಿದೆ ಎಂದು ಬೇರೆ ಹಾಕಿದ. ಕೆಡುಕು ಹೋಗಲಿಲ್ಲ. ಇನ್ನೊಬ್ಬ ನಡು ಮಧ್ಯಾಹ್ನ ಗಾಡಿ ಓಡಿಸಿ ನೋಡಿ, ಇದಕ್ಕೆ ಏನೂ ಆಗಿಲ್ಲ, ಹೆಣ್ಣು ಕೈಗೆ ಗೇರು ಬರುವುದಿಲ್ಲ ಎಂದ. ಅದನ್ನೂ ಅವಳಿಗೆ ಹೇಳಲಿಲ್ಲ, ಪಕ್ಕದಲ್ಲಿ ನಿಂತ ಪ್ರಭುಲಿಂಗನಿಗೆ ಹೇಳಿದ. ಪ್ರಭುಲಿಂಗನಿಗೆ ಬೇಕಾದದ್ದೂ ಅದೇ. ರಬಕವಿಯಲ್ಲಿದ್ದ ಸೋದರಮಾವ ಧರೆಪ್ಪನನ್ನು ಕರೆಸಿದ. ಆ ಮನೆಯಲ್ಲಿ ಧರೆಪ್ಪನ ಮಾತೇ ಕಡೆಯ ಮಾತು.

ಪ್ರಭುಲಿಂಗ ಹೇಳಿದ್ದಿಷ್ಟು: ಗಾಡಿ ಅಣ್ಣನ ನೆನಪು, ಇವಳ ಕೈಯಲ್ಲಿ ಅದು ಹಾಳಾಗುತ್ತಿದೆ, ಕೀಲಿ ತನಗೆ ಬರಲಿ, ಮಾಲು ತಾನು ಮಾರುತ್ತೇನೆ, ಇವಳು ಮೊದಲಿನ ಹಾಗೆ ಕಂಡಿಕೆ ಸುತ್ತಲಿ. ಆ ಮೂಲೆಯಲ್ಲಿ ಮತ್ತೆ ಕೂತರೆ ಅಲ್ಲಿಂದ ತನ್ನ ಹೆಣವೇ ಏಳಬೇಕು ಎಂಬುದು ಕಾಂಚನಾಳಿಗೆ ಗೊತ್ತಿತ್ತು.

ಧರೆಪ್ಪ ತಂಬಾಕು ತಿಕ್ಕುತ್ತ ಎರಡೂ ಕಡೆ ನೋಡಿದ. “ಎಳ್ಳಮಾಸಿ ಮುಂಜಾನೆ ಬರ್ತೇನಿ,” ಎಂದ. “ಗಾಡಿ ಆಕಿನ ಹೊಡೀಲಿ, ನಾ ಬಾಜೂಕ ಕೂಡ್ತೇನಿ. ಗೇರ್ ಸಪ್ಪಳಿಲ್ಲದ ಬಿದ್ರ ಕೀಲಿ ಆಕಿ ಕಡೆ. ಇಲ್ಲಂದ್ರ ಪ್ರಭೂನ ಕಡೆ. ಆತ?”

ಎಳ್ಳಮಾವಾಸ್ಯೆಗೆ ಒಂಬತ್ತು ದಿನ ಇತ್ತು.

ಜಮಖಂಡಿಯ ಸೀರೆ ಅಂಗಡಿಯವನು ಅಲ್ಲಿನ ಮೆಕ್ಯಾನಿಕ್ ಬಾಳೇಶನ ಹೆಸರು ಹೇಳಿದ. ಮುಧೋಳ ರಸ್ತೆಯ ಬದಿ ತಗಡಿನ ಶೆಡ್ಡು. ಕಾಂಚನಾ ಗಾಡಿ ನಿಲ್ಲಿಸಿ ಇಳಿದಾಗ ಅವನು ಅವಳ ಹಿಂದೆ ನೋಡಿದ, ಖಾಲಿ ಕಾರಿನ ಒಳಗೆ ನೋಡಿದ.

“ಗಂಡಸರು ಯಾರೂ ಬಂದಿಲ್ಲೇನ್ರಿ ಅಕ್ಕಾರ?”

“ಇದ್ದ ಒಬ್ಬಾಂವ ಸತ್ತಾನ. ಗಾಡಿ ನೋಡ್ರಿ.”

ಬಾಳೇಶ ಒಂದು ಸುತ್ತು ಓಡಿಸಿ ಬಂದ. ಏನೂ ಆಗಿಲ್ಲ ಎಂದ. ಅವಳಿಗೆ ಸಿಟ್ಟು ನೆತ್ತಿಗೇರಿತು. ಬನಹಟ್ಟಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಇದು ಕಾದು ಸಡಿಲಾಗುತ್ತದೆ, ಕಾದ ಮೇಲೆ ನೋಡಿದರೆ ನಿನಗೇನು ತಿಳಿಯುತ್ತದೆ, ತಣ್ಣಗಿದ್ದಾಗ ನೋಡು ಎಂದು ಒಂದೇ ಉಸಿರಿಗೆ ಅಂದುಬಿಟ್ಟಳು. ಬಾಳೇಶ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. ಅವಳ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ.

“ಮೊದಲ ಹೇಳಬೇಕಿಲ್ಲೋ ಅದನ್ನ?” ಎಂದ. “ಗಾಡಿ ಬಿಟ್ಟು ಹೋಗ್ರಿ. ನಾಳೆ ಮುಂಜಾನೆ ಬರ್ರಿ.”

ಬಸ್ಸಿಗೆ ಹೋದಳು. ಮರುದಿನ ಮೊದಲ ಬಸ್ಸಿಗೆ ಬಂದಳು. ಅವಳು ಬರುವಷ್ಟರಲ್ಲಿ ಬಾಳೇಶ ಗಾಡಿ ಚಾಲೂ ಮಾಡಿ ನೋಡಿಯಾಗಿತ್ತು. ಹೌದ್ರಿ, ಎರಡನೇದು ಬೀಳಲೊಲ್ಲದು ಎಂದ. ಎಂಜಿನ್ ಬಂದ್ ಮಾಡಿ ಗೇರು ಹಾಕಿ ನೋಡಿದ್ದ. ಆಗ ಎಲ್ಲವೂ ಬಿದ್ದವು. ಅಂದರೆ ಗೇರಿನ ಕೋಲು, ಕೆಳಗಿನ ರಾಡು ಯಾವುದೂ ಬಾಗಿಲ್ಲ. ಕ್ಲಚ್ಚು ಹೊಸದು, ಪೂರ್ತಿ ಬಿಡುತ್ತದೆ. ಉಳಿದದ್ದು ಗೇರಿನ ಡಬ್ಬಿಯೊಳಗಿನ ಎಣ್ಣೆ.

ಅವನು ಕೈಯಿಂದ ತೋರಿಸಿ ಹೇಳಿದ. ಓಡುವ ಎರಡು ಹಲ್ಲು ಚಕ್ರ ಒಂದಕ್ಕೊಂದು ಕೂಡುವ ಮುಂಚೆ ಅವುಗಳ ಓಟ ಸಮ ಆಗಬೇಕು. ಅದಕ್ಕೆ ಒಂದು ಹಿತ್ತಾಳೆ ಬಳೆ ಇರುತ್ತದೆ. ಬಳೆ ಎಂದವನು ಅವಳ ಬರಿಗೈ ನೋಡಿ ನಿಂತ.

“ಹೇಳ್ರಿ,” ಎಂದಳು.

ಆ ಬಳೆ ಚಕ್ರವನ್ನು ತಿಕ್ಕಿ ಹಿಡಿಯಬೇಕು. ಎಣ್ಣೆ ತೆಳ್ಳಗಿದ್ದರೆ ನಡುವಿನಿಂದ ಸರಿದು ದಾರಿ ಬಿಡುತ್ತದೆ. ದಪ್ಪ ಇದ್ದರೆ, ಅದರಲ್ಲೂ ಚಳಿಯಲ್ಲಿ, ಸರಿಯುವುದಿಲ್ಲ. ಬಳೆ ಹಿಡಿಯುವುದಿಲ್ಲ. ಒತ್ತಿದರೆ ಹಲ್ಲಿಗೆ ಹಲ್ಲು ಬಡಿಯುತ್ತದೆ. ಇಷ್ಟು ಹೇಳಿ ಅವನು ಗಾಡಿಯ ಕೆಳಗೆ ಹೋದ. ಮೊದಲು ಎಣ್ಣೆ ತುಂಬುವ ಮೇಲಿನ ನಟ್ಟು ಬಿಚ್ಚಿದ. ಅದು ಬಿಚ್ಚಲು ಬಾರದಿದ್ದರೆ ಕೆಳಗಿನದನ್ನು ಬಿಚ್ಚಿ ಎಣ್ಣೆ ಖಾಲಿ ಮಾಡಿಕೊಂಡು ಕೂಡಬೇಕಾಗುತ್ತದಂತೆ. ಆಮೇಲೆ ಕೆಳಗಿನದು ಬಿಚ್ಚಿದ.

ಎಣ್ಣೆ ಬೀಳಲಿಲ್ಲ, ಇಳಿಯಿತು. ಸಕ್ಕರೆ ಕಾರ್ಖಾನೆಯ ಕಾಕಂಬಿ ಇಳಿದ ಹಾಗೆ. ವಾಸನೆ ಬಂತು. ಕಾಂಚನಾ ಮೂಗು ಮುಚ್ಚಿಕೊಳ್ಳಲಿಲ್ಲ. ಆ ವಾಸನೆ ಇಪ್ಪತ್ತೊಂದು ವರ್ಷದಿಂದ ಅವಳ ಕೂದಲಲ್ಲೇ ಇತ್ತು. ಅದು ಮಗ್ಗದ ಹಲ್ಲು ಚಕ್ರಗಳಿಗೆ ಹಾಕುವ ದಪ್ಪ ಎಣ್ಣೆ. ಅದರ ಬ್ಯಾರಲ್ಲು ಮಗ್ಗದ ಕೋಣೆಯಲ್ಲಿ, ಕೋಣೆಯ ಕೀಲಿ ಪ್ರಭುಲಿಂಗನ ಉಡದಾರದಲ್ಲಿ.

ಸಿಕ್ಕಿಬಿದ್ದೆಯೋ ಮಗನೇ, ಅಂದುಕೊಂಡಳು. ಗಂಡ ಸತ್ತ ಮೇಲೆ ಅವಳಿಗೆ ಖುಷಿ ಆದದ್ದು ಅದೇ ಮೊದಲು.

ಬಾಳೇಶ ಕೆಳಗಿನಿಂದ ನಟ್ಟು ಹಿಡಿದುಕೊಂಡು ಎದ್ದ. “ಇದನ್ನ ನೋಡ್ರಿ. ತಿರುಪಿಗೆ ನೂಲು ಸುತ್ಯಾರ. ಯಾವ ಮೆಕ್ಯಾನಿಕ್ ಸುತ್ತತಾನ್ರೀ ನೂಲು?”

ಹಸಿರು ನೂಲು. ಮೂರು ಸುತ್ತು, ಕಡೆಗೆ ಬಾಯಿಂದ ಕಡಿದ ತುದಿ. ನೀರಿನ ನಳ ಇರಲಿ, ಪಂಪಿನ ನಟ್ಟು ಇರಲಿ, ಸೋರಬಾರದೆಂದು ಹೀಗೆ ನೂಲು ಸುತ್ತಿ ಬಿಗಿಯುತ್ತಿದ್ದವನು ಆ ಮನೆಯಲ್ಲಿ ಒಬ್ಬನೇ.

ಆಗ ಎಲ್ಲ ನೆನಪಾಯಿತು. ದಸರೆಯ ಖಂಡೇಪೂಜೆಯ ಹಿಂದಿನ ದಿನ ಮಗ್ಗ ನಿಲ್ಲಿಸಿ ಹಳೇ ಎಣ್ಣೆ ಚೆಲ್ಲಿ ಹೊಸದು ಹಾಕುವುದು ಆ ಮನೆಯ ಪದ್ಧತಿ. ಹಾಕುವ ಕೈ ಹಿರಿಯ ಮಗನದು. ಆರೂ ಮಗ್ಗಕ್ಕೆ ಹಾಕಿ ಮುಗಿಸಿದ ಮಹಾಲಿಂಗಪ್ಪ ಅದೇ ಎಣ್ಣೆಯ ಕ್ಯಾನು ಹಿಡಿದು ಕಾರಿನ ಕೆಳಗೆ ಹೋಗಿದ್ದ. ಅದೂ ದುಡಿಯುವುದೇ, ಅದಕ್ಕೂ ಹಬ್ಬ ಆಗಲಿ ಎಂದಿದ್ದ. ಕೆಳಗಿನಿಂದ ಕೈ ಚಾಚಿ ಒಂದು ಗೇಣು ನೂಲು ಕೇಳಿದ್ದ. ಕಂಡಿಕೆಯಿಂದ ಹರಿದು ಕೊಟ್ಟವಳು ಅವಳೇ. ಅಂಗಿಗೆ ಎಣ್ಣೆ ಬಳಿದುಕೊಂಡಿದ್ದಕ್ಕೆ ಬೈದೂ ಇದ್ದಳು. ಆಗ ಸೆಕೆ. ಸೆಕೆಯಲ್ಲಿ ದಪ್ಪ ಎಣ್ಣೆ ಸುಮ್ಮನಿತ್ತು. ಚಳಿ ಬರುವುದರೊಳಗೆ ಅವನು ಹೋದ.

“ಯಾರು ಹಾಕ್ಯಾರ್ರೀ ಇದನ್ನ?” ಬಾಳೇಶ ಕೇಳಿದ.

“ಒಂದು ಬಾಟ್ಲಿ ಕೊಡ್ರಿ,” ಎಂದಳು. ಹಳೇ ಎಣ್ಣೆ ತುಂಬಿಸಿಕೊಂಡಳು. ನೂಲು ಬಿಚ್ಚಿಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಾಳೇಶ ಆ ಗಾಡಿಗೆ ಹೇಳಿದ ತೆಳು ಎಣ್ಣೆ ತುಂಬಿದ. ಬಳೆ ಸ್ವಲ್ಪ ಸವೆದಿದೆ, ಇನ್ನೂ ಎರಡು ತಿಂಗಳು ಓಡಿಸಿದ್ದರೆ ಗೇರಿನ ಡಬ್ಬಿಯನ್ನೇ ಇಳಿಸಬೇಕಾಗುತ್ತಿತ್ತು ಎಂದ.

ಎಳ್ಳಮಾವಾಸ್ಯೆಯ ಮುಂಜಾನೆ ಬಾಯಲ್ಲಿ ಹೊಗೆ ಬರುವಷ್ಟು ಚಳಿ. ಮಗ್ಗ ನಿಂತಿದ್ದರಿಂದ ಓಣಿ ಪೂರ್ತಿ ಸುಮ್ಮನಿತ್ತು. ಧರೆಪ್ಪ ಮಫ್ಲರು ಸುತ್ತಿಕೊಂಡು ಬಾಜೂಕೆ ಕೂತ. ಪ್ರಭುಲಿಂಗ ಹಿಂದೆ ಸೀಟಿಲ್ಲದ ಕಡೆ ಕುಕ್ಕರುಗಾಲಲ್ಲಿ ಕೂತ. ಕಾಂಚನಾ ಒಂದನೆಯದು ಹಾಕಿದಳು, ಎರಡನೆಯದು ಹಾಕಿದಳು. ಎರಡೂ ಸುಮ್ಮನೆ ಹೋಗಿ ಕೂತವು. ಧರೆಪ್ಪ ರಸ್ತೆ ನೋಡುವುದನ್ನು ಬಿಟ್ಟು ಅವಳ ಕೈ ನೋಡುತ್ತಿದ್ದ. ಬಸ್‌ಸ್ಟ್ಯಾಂಡಿನ ತನಕ ಹೋಗಿ ಮರಳಿ ಬಂದರು. ಇಳಿಯುವಾಗ ಕೀಲಿಯನ್ನು ಧರೆಪ್ಪ ತೆಗೆದುಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಪ್ರಭುಲಿಂಗ ಬಿಡಲಿಲ್ಲ. ಇವತ್ತು ದುಡ್ಡು ಕೊಟ್ಟು ಸರಿ ಮಾಡಿಸಿದ್ದಾಳೆ, ನಾಳೆ ಮತ್ತೆ ಕೆಡಿಸುತ್ತಾಳೆ, ಕೆಡಿಸಿದ ಕೈ ಅದೇ ಅಲ್ಲವೇ ಎಂದು ಅಂಗಳದಲ್ಲಿ ನಿಂತು ದನಿ ಎತ್ತಿದ. ಅನಸವ್ವ ಹೊರಗೆ ಬಂದಳು. ಕಾಂಚನಾ ಬಾಟಲಿ ತಂದು ಕಟ್ಟೆಯ ಮೇಲಿಟ್ಟಳು. ಗೇರ್ ಬಾಕ್ಸಿನಿಂದ ತೆಗೆದದ್ದು ಎಂದಳು.

ಧರೆಪ್ಪ ಮುಚ್ಚಳ ತೆಗೆದು ಮೂಸಿದ. ಅವನ ಮನೆಯಲ್ಲೂ ನಾಲ್ಕು ಮಗ್ಗ. ಬಾಟಲಿ ಕೆಳಗಿಟ್ಟು ಪ್ರಭುಲಿಂಗನ ಉಡದಾರ ನೋಡಿದ. “ಬ್ಯಾರಲ್ ಕೋಣಿ ಕೀಲಿ ಯಾರ ಕಡೆ ಐತ್ಲೇ?”

ಪ್ರಭುಲಿಂಗನ ಮುಖದ ಬಣ್ಣ ಹೋಯಿತು. ಶಿವನ ಆಣೆ, ತಾನು ಮುಟ್ಟಿಲ್ಲ ಎಂದ. ಅನಸವ್ವ ಅವನನ್ನೇ ಬೈಯತೊಡಗಿದಳು. ಅಣ್ಣನ ಗಾಡಿಗೆ ವಿಷ ಹಾಕಿದೆಯಲ್ಲೋ ಎಂದು ಎದೆ ಬಡಿದುಕೊಂಡಳು. ಕಾಂಚನಾ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಒಂದು ಮಾತೂ ಆಡಬೇಕಿರಲಿಲ್ಲ. ಮೈದುನ ಆ ಮನೆಯಲ್ಲಿ ಜನ್ಮಪೂರ್ತಿ ತಲೆ ಎತ್ತುತ್ತಿರಲಿಲ್ಲ. ಗಂಡನ ಹೆಸರು ಗಂಧದ ಹಾಗೆ ಉಳಿಯುತ್ತಿತ್ತು. ಅವಳು ನಿಂತಳು. ಅತ್ತೆ ಬೈಯುವುದನ್ನು ಒಂದಿಷ್ಟು ಹೊತ್ತು ಕೇಳಿದಳು. ಕೇಳಲು ಚಲೋ ಅನ್ನಿಸಿತು.

ಆದರೆ ಮಾಡದ ತಪ್ಪನ್ನು ಹೊತ್ತು ತಿರುಗಿದರೆ ಬೆನ್ನು ಹೇಗೆ ಸುಡುತ್ತದೆ ಎಂಬುದು ಅವಳಿಗೆ ಹೊಸದಾಗಿ ತಿಳಿದಿತ್ತು.

“ಅಂವ ಅಲ್ಲ,” ಎಂದಳು. “ಅವಂಗ ಆ ನಟ್ಟು ಎಲ್ಲೈತಿ ಅನ್ನೂದ ಗೊತ್ತಿಲ್ಲ. ಅಷ್ಟು ಶಾಣ್ಯಾ ಅಲ್ಲ ಅಂವ.”

ಸೆರಗಿನ ಗಂಟು ಬಿಚ್ಚಿ ಹಸಿರು ನೂಲು ಧರೆಪ್ಪನ ಅಂಗೈಯಲ್ಲಿಟ್ಟಳು. “ನೂಲು ಸುತ್ತಾವ್ರು ಈ ಮನ್ಯಾಗ ಯಾರು? ಖಂಡೇಪೂಜಿ ಹಿಂದಿನ ದಿನ ಅವರೇ ಹಾಕಿದ್ರು. ನೂಲು ನಾ ಕೊಟ್ಟಿದ್ದೆ. ತಪ್ಪು ಅವರದು. ನನ್ನ ಕೈದಲ್ಲ.”

ಬೈಸಿಕೊಂಡ ಪ್ರಭುಲಿಂಗ ಅವಳ ಕಡೆ ನೋಡಿದ. ಆ ನೋಟದಲ್ಲಿ ಉಪಕಾರ ಸ್ಮರಣೆ ಇರಲಿಲ್ಲ, ಇನ್ನೂ ಹೆಚ್ಚಿನ ಹಗೆ ಇತ್ತು. ಉಳಿಸಿದವಳು ಇವಳು ಎಂಬುದೇ ಅವನಿಗೆ ನುಂಗಲಾರದ ತುತ್ತು. ಅನಸವ್ವ ಮಾತ್ರ ನಲವತ್ತೆಂಟು ದಿನದ ಮೇಲೆ ಸೊಸೆಯ ಮುಖಕ್ಕೇ ಮಾತಾಡಿದಳು.

“ಸತ್ತವನ ಮಾರಿಗೆ ಎಣ್ಣಿ ಬಳದಿ. ಒಂದು ಗಾಡಿ ಸಲುವಾಗಿ. ಇವತ್ತಿನಿಂದ ನಿನ್ನ ಒಲಿ ನಿಂದು.”

“ಆತು,” ಎಂದಳು ಕಾಂಚನಾ.

ಧರೆಪ್ಪ ಕೀಲಿಯನ್ನು ಅವಳ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲೆ ಬಾಟಲಿಯ ಪಕ್ಕ ಇಟ್ಟು ಚಪ್ಪಲಿ ಮೆಟ್ಟಿಕೊಂಡ. ಹಬ್ಬದ ಊಟಕ್ಕೂ ನಿಲ್ಲಲಿಲ್ಲ. ಅವಳು ಕೀಲಿ ತೆಗೆದುಕೊಂಡಳು. ಬಾಟಲಿಯ ಎಣ್ಣೆಯನ್ನು ಮೋರಿಗೆ ಸುರಿದಳು.

ಮರುದಿನ ನಸುಕಿನಲ್ಲಿ ಬೀಳಗಿಗೆ ಹೊರಟಳು. ಹಿಂದೆ ನಾಲ್ಕು ಗಂಟು ಸೀರೆ. ಗೇರಿನ ಕೋಲು ತಣ್ಣಗಿತ್ತು. ಮೇಲೆ ಇನ್ನೊಂದು ಕೈ ಇರಲಿಲ್ಲ. ಎರಡನೆಯದು ಬಿದ್ದ ಕೂಡಲೇ ಅವಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು. “ಬಾಯಿ ಬಿಟ್ಟು ಯಾರನ್ನರೆ ಕೇಳಬೇಕಿಲ್ಲೋ, ಯಾವ ಎಣ್ಣಿ ಅಂತ?” ಎಂದು ಬಾಜೂಕಿನ ಖಾಲಿ ಸೀಟಿಗೆ ಬೈದಳು. ಇನ್ನೂ ಎರಡು ಬೈದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಬಸ್‌ಸ್ಟ್ಯಾಂಡಿನ ಮುಂದೆ ಪ್ರಭುಲಿಂಗ ನಿಂತಿದ್ದ. ಕೈಯಲ್ಲಿ ಚೀಲ, ಮುಧೋಳದ ಬಸ್ಸು ಕಾಯುತ್ತಿದ್ದ. ಅವಳ ದಾರಿಯೂ ಮುಧೋಳದ ಮೇಲೆಯೇ. ಚಳಿಗೆ ಭುಜ ಕುಗ್ಗಿಸಿಕೊಂಡವನು ಕಾರು ಕಂಡು ಒಂದು ಹೆಜ್ಜೆ ಮುಂದೆ ಬಂದ, ಕೈ ಮಾತ್ರ ಎತ್ತಲಿಲ್ಲ. ಅವಳು ಅವನನ್ನು ನೋಡಿದಳು. ತಾನು ನೋಡಿದ್ದು ಅವನಿಗೆ ಕಾಣಲಿ ಎಂದು ಸ್ವಲ್ಪ ನಿಧಾನವೂ ಮಾಡಿದಳು. ಆಮೇಲೆ ಮೂರನೇ ಗೇರಿಗೆ ಹಾಕಿದಳು. ಸಪ್ಪಳಿಲ್ಲದೆ ಬಿತ್ತು.