ಕಪ್ಪೆಯನ್ನು ನಂಬಬೇಕೋ, ಟಿಟ್ಟಿಭವನ್ನೋ

ಎಪ್ಪತ್ತರ ದಶಕದ ಕೊನೆಯ ಮಾತು. ಅಕ್ಕನ ಮದುವೆ ಹತ್ತಿರ ಬಂದಿತ್ತು, ಅವಳ ಸೀರೆ ಇನ್ನೂ ಮಗ್ಗಕ್ಕೆ ಏರಿರಲಿಲ್ಲ. ಇಳಕಲ್ಲಿನ ನೇಕಾರನ ಮಗಳು ಅಂಗಡಿ ಸೀರೆ ಉಟ್ಟು ಮದುವೆಯಾದರೆ ಓಣಿಯೆಲ್ಲ ನಗುತ್ತದೆ. ಸೀರೆಯ ಉದ್ದನೆಯ ಎಳೆಗಳಿಗೆ ನಾವು ಹಾಸು ಎನ್ನುತ್ತೇವೆ. ಅದನ್ನು ಬಯಲಲ್ಲಿ ಬಿಗಿದು, ಗಂಜಿ ಹಚ್ಚಿ, ಬಾಚಿ ಒಣಗಿಸಬೇಕು. ಹಸಿ ಗಂಜಿಯ ಮೇಲೆ ಮಳೆ ಬಿತ್ತೋ, ಹಾಸು ಕೆಟ್ಟಿತು. ಮತ್ತೆ ನೂಲು ತಂದು ಬಣ್ಣ ಹಾಕಲು ಸಮಯವಿರಲಿಲ್ಲ.

ಆ ಬೆಳಿಗ್ಗೆ ಹಿತ್ತಲ ಗಟಾರದಲ್ಲಿ ಕಪ್ಪೆಗಳು ಒಂದೇ ಸಮನೆ ಒದರತೊಡಗಿದವು.

“ಹಾಸು ತಗೀಬ್ಯಾಡ ಅಣ್ಣಾ,” ಕಾಕಾ ಅಪ್ಪನನ್ನು ತಡೆದ. “ಕಪ್ಪಿ ಒದರಾಕತ್ತಾವ. ಮಳಿ ಬಂತಂದ್ರ ಬಂತು.”

ನಾನು ಬಯಲಿಗೆ ಓಡಿ ನೋಡಿ ಬಂದೆ. ಅಲ್ಲಿನ ತಗ್ಗಿನಲ್ಲಿ ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ಮೊಟ್ಟೆಯಿಟ್ಟು ಕೂತಿತ್ತು.

“ಮಳಿ ಬರೂದಿದ್ರ ಹಕ್ಕಿ ತಗ್ಗಿನ್ಯಾಗ ತತ್ತಿ ಇಡ್ತಿತ್ತೇನು ಕಾಕಾ?”

“ಅದಕ್ಕ ರೆಕ್ಕಿ ಅದಾವಲೇ, ಹಾರಿ ಹೋಗತೈತಿ. ಕಪ್ಪಿಗೆ ತೊಗಲಿಗೇ ಮಳಿ ತಿಳೀತೈತಿ.”

“ಹಕ್ಕಿಗೆ ರೆಕ್ಕಿ ಅದಾವ. ತತ್ತಿಗೆ ಎಲ್ಲಿ ಅದಾವ?”

ಅವ್ವ ಖಾಲಿ ಕೊಡ ಹಿಡಿದು ಬಂದಳು. “ಎದಕ್ಕ ಜಗಳಾ? ನೂಲು ತೊಳದ ನೀರು ಮುಂಜಾನಿಂದ ಗಟಾರಕ್ಕ ಚೆಲ್ಲಾಕತ್ತೇನಿ. ಅದಕ್ಕ ಒದರ್ತಾವ ಅವು.”

ನಾನು ಕುಣಿದುಬಿಟ್ಟೆ. ಕಪ್ಪೆಗೆ ನೀರು ಸಿಕ್ಕರೆ ಸಾಕು, ಮೋಡ ಸುರಿಸಿತೋ ಅವ್ವ ಸುರಿದಳೋ ಕೇಳುವುದಿಲ್ಲ. ಹಕ್ಕಿ ಹಾಗಲ್ಲ. ನೀರು ನಿಂತರೆ ಅದರ ಮರಿ ಹೋಯಿತು.

“ಬಿಗೀರಿ ಹಾಸು!” ಎಂದ ಅಪ್ಪ.

ಬಿಗಿದೆವು. ಗಂಜಿ ಹಚ್ಚಿ ಮುಗಿಯುವಷ್ಟರಲ್ಲಿ ಹುನಗುಂದದ ಕಡೆಯಿಂದ ಕರಿಮೋಡ ಎದ್ದಿತು. ಕೈ ಬಾಚುತ್ತಿತ್ತು, ಕಣ್ಣು ಹಕ್ಕಿಯ ಮೇಲಿತ್ತು. ಹಕ್ಕಿ ಎದ್ದು ನಿಂತಿತು!

“ಎದ್ದಿತು! ಸುತ್ತರಿ, ಸುತ್ತರಿ!” ಕಾಕಾ ಚೀರಿದ. ನಾನು ಹಗ್ಗಕ್ಕೆ ಕೈ ಹಾಕಿದೆ.

“ಬಿಚ್ಚಬ್ಯಾಡೋ!” ಅಕ್ಕ ಕೂಗಿದಳು. “ತತ್ತಿ ಹೊಳ್ಳಸಾಕತ್ತೈತಿ ಅದು!”

ಹಕ್ಕಿ ಕೊಕ್ಕಿನಿಂದ ಮೊಟ್ಟೆ ಹೊರಳಿಸಿ ಮತ್ತೆ ಕೂತಿತು. ಜೋರು ಗಾಳಿ ಬೀಸಿತು. ಮೋಡ ಒಂದು ಹನಿಯನ್ನೂ ಉದುರಿಸದೆ ಸರಿದು ಹೋಯಿತು. ಆ ಗಾಳಿಗೇ ಹಾಸು ಗರಿಗರಿಯಾಗಿ ಒಣಗಿತು. ಅಕ್ಕ ಎಳೆಗಳ ಮೇಲೆ ಕೈಯಾಡಿಸಿದಳು, ನಗುತ್ತಲೇ ಅತ್ತಳು.

ಕಾಕಾ ತಾನೇ ಬಂದು ಒಂದು ತುದಿ ಹಿಡಿದ. “ನಡೀಲೇ, ಮಗ್ಗಕ್ಕ ಏರಸೂಣು. ಸಂಜಿತನಕ ಹಕ್ಕಿ ನೋಡ್ಕೋತ ನಿಂದರ್ತಿಯೇನು?”